ಅಪ್ಪಾ, ಕಾರಿನ ಸಲುವಾಗಿ ಹೊಲ ಮಾರಬ್ಯಾಡ್ರಿ

ತೀರ್ಥರೂಪ ಅಪ್ಪಗ, ಅವ್ವಗ ನಿಮ್ಮ ಮಲ್ಲು ಮಾಡೋ ಶರಣಾರ್ಥಿ. ನಾ ಇಲ್ಲಿ ಆರಾಮ ಅದೀನಿ, ನೀವೂ ಆರಾಮ ಇರ್ಬೇಕು.

ಅಪ್ಪಾ, ನಿಮ್ಮ ಪತ್ರದ ಫೋಟೋ ಚನ್ನು ಕಳ್ಸಿದ. ಬೀಗರು ಸುಮಾನ ಮದಿವಿಗೆ ಕಾರ್ ಕೇಳ್ಯಾರ, ಅದೂ ಸಣ್ಣದು ನಡ್ಯಂಗಿಲ್ಲಂತ, ನೀವು ಹಳ್ಳದ ಕಡಿ ಹೊಲ ಮಾರೋ ಮಾತು ತೆಗ್ದೀರಿ ಅಂತ ಓದಿದ ಮ್ಯಾಲ ನಂಗ ಊಟ ಸೇರ್ಲಿಲ್ಲ. ರೂಮಿನಾಗ ಒಬ್ಬನೇ ಕುಂತಿದ್ದು ನೋಡಿ ಗೆಳ್ಯಾರು ಎಬ್ಬಿಸ್ಕೊಂಡು ಹೋದ್ರು, ಎಲ್ಲಿಗಂದ್ರ ಕಾರಿನ ಮ್ಯೂಸಿಯಂಗೇ! ನಗಬೇಕೋ ಅಳಬೇಕೋ ಹೇಳ್ರಿ.

ಇಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್‌ನಾಗ ಮರ್ಸಿಡೀಸ್ ಬೆಂಜ್‌ನೋರು 2006ರಾಗ ತೆರೆದಿದ್ದು. ಲಿಫ್ಟಿನಾಗ ತುದಿಗೆ ಒಯ್ದು ಬಿಡ್ತಾರ, ಅಲ್ಲಿಂದ ಸುತ್ತಕೋತ ಸುತ್ತಕೋತ ಕೆಳಗ ಇಳೀಬೇಕು, ಮ್ಯಾಲ ಹೋದ ಕೂಡ್ಲೇ ಕಾಣೋದು ಕಾರಲ್ಲ, ಒಂದು ಬಿಳಿ ಕುದುರಿ, ಕಾರಿಗಿಂತ ಮೊದಲು ಕುದುರೀನೇ ಇತ್ತಲ್ಲ, ಇಷ್ಟು ರೊಕ್ಕಸ್ತ ಕಂಪನಿಯವ್ರಿಗೂ ಚಾಷ್ಟಿ ಮಾಡ್ಲಾಕ ಬರ್ತದ ನೋಡ್ರಿ. ನಾ ಮಾತ್ರ ದೊಡ್ಡ ದೊಡ್ಡ ಲಿಮೋಸಿನ್ ಮುಂದೇ ನಿಂತೆ, ಅಂದ್ರ ಡ್ರೈವರ್ ಮುಂದ, ಮಾಲೀಕರು ಹಿಂದ ಕೂಡೋ ಉದ್ದನ ಕಾರು. ಜಪಾನಿನ ಚಕ್ರವರ್ತಿ ಹಿರೋಹಿಟೋ ಅವರ 770 ಅನ್ನೋ ಕಾರ್ ಅದ, 1930ರ ಹೊತ್ತಿನಾಗ ಪೋಪ್ ಅವರಿಗೆ ಕೊಟ್ಟ ನ್ಯೂರ್ಬುರ್ಗ್ ಕಾರ್ ಅದ, ಅದರಾಗ ಹಿಂದಗಡಿ ಸಿಂಹಾಸನದ ನಮೂನಿ ಒಂದೇ ಕುರ್ಚಿ. ನಾ ಸುಮ್ಮ ಇರ್ತೀನೇನ್ರಿ, ನಮ್ಮ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್‌ನಾಗೂ ಸಿಂಹಾಸನ ಅದ, ಹೈದರಾಬಾದಿನ ಚೌಮಹಲ್ಲಾದಾಗ ನಮ್ಮಪ್ಪ ತೋರ್ಸ್ಯಾನ ಅಂತ ಜರ್ಮನ್ ಗೆಳ್ಯಾಗ ಅಲ್ಲೇ ಫೋನಿನಾಗ ಅದರ ಫೋಟೋ ಹುಡುಕಿ ತೋರ್ಸಿದೆ.

ಅಲ್ಲಿ ಒಂದು ಸಂಗ್ತಿ ಗೊತ್ತಾತು. ಆಗಿನ ಲಿಮೋಸಿನ್‌ನಾಗ ಡ್ರೈವರ್ ಸೀಟಿಗೆ ಚರ್ಮ, ಮಾಲೀಕರ ಸೀಟಿಗೆ ಬಟ್ಟಿ. ನಾ ಉಲ್ಟಾ ತಿಳ್ಕೊಂಡಿದ್ದೆ. ಡ್ರೈವರ್ ಮಳಿ ಗಾಳಿಯಾಗ ಕೂಡಾಂವ, ಚರ್ಮ ಒರೆಸಿದ್ರ ಆತು, ಹಿಂದ ಕೂಡೋರಿಗೆ ಮೆತ್ತನ್ನ ಬಟ್ಟೀನೇ ದೌಲತ್ತು. ನಡಕ ಗಾಜು ಬ್ಯಾರೆ, ಅವರ ಮಾತು ಇವನ ಕಿವಿಗೆ ಬೀಳಬಾರ್ದಂತ. ಮುಂದ 1963ರಾಗ ಬಂದ 600 ಅನ್ನೋ ಕಾರ್ ಅಂತೂ ಹುಚ್ಚು ಹಿಡಸ್ತು, ಕರೆಂಟಿನ ಸಣ್ಣ ಮೋಟರ್ ಸಪ್ಪಳ ಬರಬಾರ್ದಂತ ಕಿಟಕಿ, ಸೀಟು, ಡಿಕ್ಕಿ ಎಲ್ಲಾ ಎಣ್ಣಿ ಒತ್ತಡದ ಮ್ಯಾಲ ನಡೀತಾವ, ಅದರಾಗ ಪುಲ್‌ಮನ್ ಅನ್ನೋ ಉದ್ದನ ನಮೂನಿ 6.24 ಮೀಟರ್ ಉದ್ದ, ನಮ್ಮ ಪಡಸಾಲಿಯೊಳಗ ಅಡ್ಡ ಹಾಕಿದ್ರೂ ಮೂತಿ ಹೊರಗ ಬರ್ತದ. 1981ರ ತನಕ ಮಾಡಿದ್ದು ಎಲ್ಲಾ ಸೇರಿ 2677 ಅಷ್ಟೇ, ತಗೊಂಡೋರು ರಾಜರು, ದೇಶ ಆಳೋರು, ದೊಡ್ಡ ಸಾಹುಕಾರ್ರು. ಯಾವ ರೈತನೂ ತೊಗರಿ ಹೊಲ ಮಾರಿ ಅಳಿಯಾಗ ಕೊಡಿಸಿದ್ದಲ್ಲ.

ಅಪ್ಪಾ ಸಿಟ್ಟಾಗಬ್ಯಾಡ್ರಿ. ಆ ಹುಡುಗಗ ಸ್ಟೇರಿಂಗ್ ಹಿಡಿಲಾಕೇ ಬರಂಗಿಲ್ಲಂತ ಸುಮಾ ಫೋನಿನಾಗ ಹೇಳ್ಯಾಳ, ಮತ್ತ ಕಾರ್ ಯಾಕ, ಬಾಗಿಲ ಮುಂದ ನಿಲ್ಸಿ ಊದಿನಕಡ್ಡಿ ಹಚ್ಲಾಕ? ಹೊಸಾ ಕಾರ್ ಶೋರೂಮಿನ ಗೇಟ್ ದಾಟಿದ್ರ ರೇಟ್ ಇಳೀತದ, ಹೊಲ ಒಂದು ವರ್ಷ ಮಳಿ ಕೈಕೊಟ್ರೂ ಮುಂದಿನ ವರ್ಷ ತೊಗರಿ ಕೊಡ್ತದ. ವರದಕ್ಷಿಣಿ ಕೊಡೋದೂ ತಪ್ಪು, ತಗೊಳೋದೂ ತಪ್ಪು ಅಂತ 1961ರಿಂದ ಕಾಯ್ದಿ ಅದ, ಇದನ್ನ ಕಾಕಾಗೂ ಹೇಳ್ರಿ, ಪಂಚರ ನಡಕ ಕುಂತು ಎಲ್ಲಾದಕ್ಕೂ ಹೂಂ ಅನ್ನೋದು ಕಾಕಾನೇ. ಸುಮಾ ಬಿ.ಎಡ್ ಮುಗ್ಸ್ಯಾಳ, ಅವಳಿಗೇನ್ ಕಮ್ಮಿ ಅದರೀ? ಆಕಿಗೊಮ್ಮೆ ಕೇಳಿರೇನು?

ಬೀಗರಿಗೆ ನೀವು ಹೇಳ್ಲಾಕ ಸಂಕೋಚ ಅಂದ್ರ ನನ್ನ ಮ್ಯಾಲ ಹಾಕ್ರಿ, ಮಗ ಒಪ್ಪವಲ್ಲ ಅನ್ರಿ, ಕೆಟ್ಟಾಂವ ನಾನೇ ಆಗ್ತೀನಿ. ಮದಿವಿ ಖರ್ಚಿಗೆ ರೊಕ್ಕ ನಾ ಕಳಸ್ತೀನಿ, ನಂಗೇನೂ ತ್ರಾಸಿಲ್ಲ, ಖರೇನೇ ಇಲ್ಲ, ಕೆಲ್ಸ ಗಟ್ಟಿ ಅದ, ಸ್ವೆಟರ್ ಹಾಕ್ಕೋತೀನಿ, ರೊಟ್ಟಿ ಇಲ್ಲಂದ್ರೂ ಬ್ರೆಡ್ಡಿಗೆ ಅವ್ವನ ಶೇಂಗಾ ಹಿಂಡಿ ಹಚ್ಕೊಂಡು ಹೊಟ್ಟಿ ತುಂಬ ಉಣ್ತೀನಿ, ನೆಗಡಿನೂ ಹೋತು. ಅವ್ವಾ ನೀ ಅಳಕೋತ ಕೂಡಬ್ಯಾಡ, ಬಿಪಿ ಗುಳಗಿ ತಪ್ಪಸಬ್ಯಾಡ.

ಟ್ರೇನ್ ಬಂತು, ನಿಂತು ಟೈಪ್ ಮಾಡ್ಲಕತ್ತೀನಿ, ತಪ್ಪಿದ್ರ ತಿದ್ದಿ ಓದ್ರಿ. ಚನ್ನುಗ ಹೊಲದ ಉತಾರಿ ತನ್ನ ಹತ್ರ ಇಟ್ಕೋ ಅಂತ ಹೇಳ್ರಿ. ನಾ ರಾತ್ರಿ ಫೋನ್ ಹಚ್ಚೋ ತನಕ ಯಾವ ಕಾಗದಕ್ಕೂ ಸಹಿ ಹಾಕಬ್ಯಾಡ್ರಿ.

ನಿಮ್ಮ ಮಲ್ಲು