ಆಯಿಲ್ ದೀಪ: ಸ್ವಿಚ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಹಳೆಯ ಕಾರಿನಲ್ಲಿ ಆಯಿಲ್ ಪ್ರೆಷರ್‌ನ ಕೆಂಪು ದೀಪ ಉರಿದೊಡನೆ ‘ಸ್ವಿಚ್ (ಆಯಿಲ್ ಒತ್ತಡ ಇಳಿದರೆ ಆ ದೀಪ ಹೊತ್ತಿಸುವ ಭಾಗ) ಹೋಗಿದೆ, ಬದಲಿಸಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಹಲವು ಸಲ ಅದು ನಿಜವೇ. ನಿಜವಲ್ಲದ ಒಂದು ಸಲ ಸಾಕು, ಎಂಜಿನ್ ಒಳಗೆ ತಿರುಗುವ ಭಾಗಗಳನ್ನು ಹೊರುವ ಬೇರಿಂಗ್‌ಗಳು ಹಾಳಾಗಲು.

ತಕ್ಷಣ ಎಂಜಿನ್ ಆರಿಸಿ. ಸಮತಟ್ಟಾದ ಜಾಗದಲ್ಲಿ 10 ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ನೋಡಿ. ಆಯಿಲ್ ಕಡಿಮೆಯಿದ್ದರೆ ಸೋರಿಕೆ ಹುಡುಕಿ. ಮಟ್ಟ ಏರಿದ್ದರೆ ಕಡ್ಡಿ ಮೂಸಿ ನೋಡಿ: ಪೆಟ್ರೋಲ್ ವಾಸನೆ ಬಂದರೆ, ಮೆಕ್ಯಾನಿಕಲ್ ಫ್ಯೂಯಲ್ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹರಿದು ಪೆಟ್ರೋಲ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿದು ಆಯಿಲ್ ತೆಳುವಾಗಿರಬಹುದು.

ಮುಂದೆ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಆನ್ ಮಾಡಿ ಸ್ವಿಚ್‌ನ ವೈರ್ ಕಳಚಿ. ದೀಪ ಆರದಿದ್ದರೆ ವೈರ್ ಎಲ್ಲೋ ಕಾರಿನ ಲೋಹದ ಮೈಗೆ ತಾಗುತ್ತಿದೆ. ಆರಿದರೆ ಸ್ವಿಚ್ ಬಿಚ್ಚಿ, ಆ ಥ್ರೆಡ್‌ಗೆ ಹೊಂದುವ ಮೆಕ್ಯಾನಿಕಲ್ ಗೇಜ್ (ಒತ್ತಡಮಾಪಕ) ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡಿ ಅಳೆಯಿರಿ. ಬಿಸಿ ಎಂಜಿನ್‌ಗೆ ಪ್ರತಿ 1000 ಆರ್‌ಪಿಎಂಗೆ (ನಿಮಿಷದ ಸುತ್ತುಗಳಿಗೆ) 10 ಪಿಎಸ್‌ಐ (ಒತ್ತಡದ ಅಳತೆ) ಎಂಬುದು ಒರಟು ಲೆಕ್ಕ. ಕೊನೆಯ ಮಾತು ಆ ಕಾರಿನ ಮ್ಯಾನ್ಯುಯಲ್‌ನದು. ಅನೇಕ ಸ್ವಿಚ್‌ಗಳು ದೀಪ ಹೊತ್ತಿಸುವುದು 5–7 ಪಿಎಸ್‌ಐಗೆ ಇಳಿದ ಮೇಲೆಯೇ. ಅದು ಎಚ್ಚರಿಕೆಯಲ್ಲ, ಬಹುಪಾಲು ಮರಣವಾರ್ತೆ!

ಗೇಜ್ ಸರಿ ತೋರಿಸಿದರೆ ಮಾತ್ರ ಹೊಸ ಸ್ವಿಚ್. ಥ್ರೆಡ್‌ಗೆ ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ. ಒಂದೇ ಟರ್ಮಿನಲ್‌ನ ಸ್ವಿಚ್‌ಗೆ ಅರ್ತ್ (ಎಂಜಿನ್ ಲೋಹದೊಡನೆ ವಿದ್ಯುತ್ ಸಂಪರ್ಕ) ಸಿಗುವುದು ಆ ಥ್ರೆಡ್‌ನಿಂದಲೇ. ಅರ್ತ್ ತಪ್ಪಿದರೆ ದೀಪ ಬೇಕಾದಾಗಲೂ ಉರಿಯದು.

ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿದ್ದಾಗ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಮಾತ್ರ ದೀಪ ಮಿನುಗಿದರೆ ರಿಲೀಫ್ ವಾಲ್ವ್ (ಹೆಚ್ಚಿನ ಒತ್ತಡ ಬಿಡುವ ಕವಾಟ), ಸಂಪ್‌ನ ಸ್ಟ್ರೈನರ್ (ಜಾಲರಿ), ಕೊನೆಗೆ ಬೇರಿಂಗ್ ಸವೆತ ನೋಡಿ. ದಪ್ಪ ಆಯಿಲ್ ಸುರಿದು ದೀಪ ಆರಿಸುವುದು ಜ್ವರ ಬಂದವನ ಥರ್ಮಾಮೀಟರ್ ಒಡೆದಂತೆ.

– ಒಬ್ಬ ಓದುಗ