ಹೆರಾತ್‌ನಲ್ಲಿ ನಮ್ಮನ್ನು ಕಾಯ್ದವರಿಗೆ, ತುಮಕೂರಿನಲ್ಲಿ ನಮ್ಮ ಮನೆ ಕಾಯ್ದವರಿಗೆ

ಕಳೆದ ತಿಂಗಳ ಕೊನೆಗೆ ನಾನು ಸೇವೆಯಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಮಾತನಾಡಿದವರಲ್ಲಿ ಹೆಚ್ಚಿನವರು ನನ್ನ ಅಫ್ಘಾನಿಸ್ತಾನದ ವರ್ಷಗಳನ್ನೇ ಎತ್ತಿಕೊಂಡು ನನ್ನ ಧೈರ್ಯವನ್ನು ಕೊಂಡಾಡಿದರು. ಶಾಲು, ಹಾರ, ಪೇಟವನ್ನು ಸಂತೋಷದಿಂದ ಸ್ವೀಕರಿಸಿದ್ದೇನೆ. ಆದರೆ ಆ ಹೊಗಳಿಕೆ ಸಲ್ಲಬೇಕಾದವರು ಬೇರೆ ಇದ್ದಾರೆ. ಅದಕ್ಕಾಗಿಯೇ ಈ ಬರಹ.

ನಾನು ದುಡಿದದ್ದು ಹೆರಾತ್ ಪ್ರಾಂತ್ಯದ ಚಿಶ್ತ್-ಎ-ಶರೀಫ್‌ನಲ್ಲಿ ಹರಿರುದ್ ನದಿಗೆ ಭಾರತ ಕಟ್ಟಿಕೊಟ್ಟ ಸಲ್ಮಾ ಅಣೆಕಟ್ಟೆಯ ಕಾಮಗಾರಿಯಲ್ಲಿ. 2016ರ ಜೂನ್ 4ರಂದು ಉದ್ಘಾಟನೆಯಾದ ಈ ಕಟ್ಟೆ 42 ಮೆಗಾವ್ಯಾಟ್ ವಿದ್ಯುತ್ತಿಗೂ ಸುಮಾರು 75,000 ಹೆಕ್ಟೇರ್ ನೀರಾವರಿಗೂ ಯೋಜಿಸಿದ್ದು. ನಮ್ಮ ಯಂತ್ರಗಳು ಸಮುದ್ರದ ಮೇಲೆ ಇರಾನಿನ ಬಂದರ್ ಅಬ್ಬಾಸ್ ತಲುಪಿ, ಅಲ್ಲಿಂದ ಸುಮಾರು 1,200 ಕಿ.ಮೀ. ರಸ್ತೆಯಲ್ಲಿ ಇಸ್ಲಾಂ ಕಲಾ ಗಡಿಗೆ, ಗಡಿಯಿಂದ ಮತ್ತೆ 300 ಕಿ.ಮೀ. ಕ್ರಮಿಸಿ ಕಾಮಗಾರಿಯ ಜಾಗಕ್ಕೆ ಬರುತ್ತಿದ್ದವು. ಹೆರಾತ್ ನಗರದಿಂದ ಅಲ್ಲಿಗೆ ರಸ್ತೆಯಿದ್ದರೂ ಅದು ನಮಗೆ ಸುರಕ್ಷಿತವಾಗಿರಲಿಲ್ಲವಾದ್ದರಿಂದ, ಆ ದೇಶದ ಸರ್ಕಾರ ತಿಂಗಳಿಗೊಮ್ಮೆ ಒದಗಿಸುತ್ತಿದ್ದ ಹೆಲಿಕಾಪ್ಟರನ್ನು ಕಾಯಬೇಕಿತ್ತು. ಹೆಲಿಕಾಪ್ಟರ್ ತಡವಾದರೆ ಊರಿಗೆ ಹೊರಡುವ ರಜೆಯೂ ಮುಂದಕ್ಕೆ ಹೋಗುತ್ತಿತ್ತು.

ಕಾಯುವ ಆ ದಿನಗಳನ್ನೆಲ್ಲ ನಗರದ ಅತಿಥಿಗೃಹದಲ್ಲೇ ಕಳೆಯಬೇಕಿತ್ತು. ಎತ್ತರದ ಗೋಡೆ, ಗೇಟಿನ ಬಳಿ ಮರಳಿನ ಮೂಟೆಗಳು, ಕಿಟಕಿಗೆ ಸದಾ ದಪ್ಪ ಪರದೆ. ಇರಾನ್ ಮತ್ತು ತುರ್ಕ್‌ಮೆನಿಸ್ತಾನಗಳಿಂದ ವಿದ್ಯುತ್ ಬರುತ್ತಿದ್ದುದರಿಂದ ಹೆರಾತ್‌ನಲ್ಲಿ ದೀಪಕ್ಕೆ ಅಷ್ಟು ತೊಂದರೆಯಿರಲಿಲ್ಲ. ಆಗಿನ ನಮ್ಮ ತುಮಕೂರಿನ ಬೇಸಿಗೆಗಿಂತ ವಾಸಿ ಎಂದು ನಾವು ನಗುತ್ತಿದ್ದೆವು. ಬೇಸಿಗೆಯಲ್ಲಿ ನೂರಿಪ್ಪತ್ತು ದಿನಗಳ ಗಾಳಿ ಎಂದೇ ಹೆಸರಾದ ಗಾಳಿ ಎದ್ದರೆ ಅನ್ನದಲ್ಲೂ ಮರಳು, ಚಳಿಗಾಲದಲ್ಲಿ ಕೋಣೆ ಬಿಸಿಮಾಡುವ ಬುಖಾರಿ ಒಲೆಯ ಹೊಗೆಗೆ ಉರಿಯುವ ಕಣ್ಣು. ಇವೆಲ್ಲ ಅಭ್ಯಾಸವಾದವು. ಅಭ್ಯಾಸವಾಗದೆ ಉಳಿದದ್ದು, ಎದುರಿಗೇ ಕಾಣುವ ಪೇಟೆಗೆ ನಡೆದು ಹೋಗುವಂತಿಲ್ಲ ಎಂಬ ಕಟ್ಟುಪಾಡು. ಹೊರಡುವ ಹೊತ್ತನ್ನು ಮೊದಲೇ ಯಾರಿಗೂ ಹೇಳುವಂತಿರಲಿಲ್ಲ, ಹೋದ ದಾರಿಯಲ್ಲೇ ಮರಳುವಂತಿರಲಿಲ್ಲ. 2005ರಲ್ಲಿ ನಿಮ್ರೋಜ್ ಪ್ರಾಂತ್ಯದ ರಸ್ತೆ ಕಾಮಗಾರಿಯಲ್ಲಿದ್ದ ಭಾರತೀಯ ಚಾಲಕರೊಬ್ಬರನ್ನು ಅಪಹರಿಸಿ ಕೊಂದಿದ್ದನ್ನು ಅರಿತಿದ್ದ ನಾವು ಈ ನಿಯಮಗಳನ್ನು ಎಂದೂ ಪ್ರಶ್ನಿಸಲಿಲ್ಲ.

ನನ್ನ ಮೊದಲ ಕೃತಜ್ಞತೆ ಅತಿಥಿಗೃಹದ ಅಡುಗೆಯವರಿಗೆ. ಎಲ್ಲರೂ ಅವರನ್ನು ‘ಕಾಕಾ’ ಎನ್ನುತ್ತಿದ್ದರು. ನಾನು ಮಾಂಸ ಮುಟ್ಟದವನೆಂದು ತಿಳಿದಾಗ ಮೊದಲು ಮರುಕಪಟ್ಟು, ಆಮೇಲೆ ಆಲೂಗಡ್ಡೆ, ಬದನೆಕಾಯಿ, ಮೊಸರುಗಳಲ್ಲಿ ಏನೇನು ಮಾಡಬಹುದೋ ಅಷ್ಟನ್ನೂ ಮಾಡಿ ಬಡಿಸಿದರು. ಊರಿನಿಂದ ಒಯ್ದಿದ್ದ ರಾಗಿಹಿಟ್ಟನ್ನು ಗಂಟು ಕಟ್ಟದಂತೆ ತೊಳಸಲು ಅಲ್ಲಿನ ಸೌಟುಗಳು ಸಾಲದಾದಾಗ, ಅಂಗಳದ ಹಿಪ್ಪುನೇರಳೆಯ ಕೊಂಬೆಯೊಂದನ್ನು ಕಡಿದು ಸಂಜೆಯೆಲ್ಲ ಕುಳಿತು ಹೆರೆದು ಕೋಲು ಮಾಡಿಕೊಟ್ಟರು. ಒದ್ದೆ ಕೈಗೆ ಅಂಟದಿದ್ದರೆ ಬೆಂದಿದೆ ಎಂಬುದನ್ನೂ ಬೇಗನೆ ಕಲಿತರು. ರುಚಿ ಮಾತ್ರ ಅವರಿಗೆ ಕೊನೆಯವರೆಗೂ ಹಿಡಿಸಲಿಲ್ಲ!

ನಮ್ಮ ವಾಹನದ ಚಾಲಕರಿಗೂ ಗೇಟಿನಲ್ಲಿ ರಾತ್ರಿಯಿಡೀ ನಿಲ್ಲುತ್ತಿದ್ದ ಕಾವಲುಗಾರರಿಗೂ ನಾನು ಋಣಿ. ಅಪಾಯ ಮೀರಿದರೆ ನಮ್ಮನ್ನು ವಿಮಾನ ಹತ್ತಿಸಿ ಕಳುಹಿಸುವವರಿದ್ದರು. ಈ ಚಾಲಕರು, ಕಾವಲುಗಾರರಾದರೋ ವಿದೇಶಿಯರ ಕೆಲಸಗಾರರು ಎಂಬ ಗುರುತು ಹೊತ್ತು ಅದೇ ಊರಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಳಬೇಕಿತ್ತು. 2014ರ ಮೇ 23ರ ನಸುಕಿನಲ್ಲಿ ಬಂದೂಕುಧಾರಿಗಳು ಹೆರಾತ್‌ನ ಭಾರತೀಯ ಕಾನ್ಸುಲೇಟಿನ ಮೇಲೆ ದಾಳಿ ಮಾಡಿದಾಗ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ (ಐಟಿಬಿಪಿ) ಯೋಧರೂ ಆಫ್ಘನ್ ಪಡೆಗಳೂ ಸೇರಿ ಅವರನ್ನು ಹಿಮ್ಮೆಟ್ಟಿಸಿದರು; ಸಿಬ್ಬಂದಿಗೆ ಏನೂ ಆಗಲಿಲ್ಲ. ಅಂದು ನಮ್ಮ ಚಾಲಕರು ತಮ್ಮ ಮನೆಗೆ ಹೋಗದೆ, ಯಾರೂ ಕೇಳಿಕೊಳ್ಳದಿದ್ದರೂ, ನಮ್ಮ ಬಾಗಿಲಲ್ಲೇ ಕುಳಿತಿದ್ದರು. ಇವರಾರ ಹೆಸರನ್ನೂ ನಾನಿಲ್ಲಿ ಬರೆಯುತ್ತಿಲ್ಲ. 2021ರ ಆಗಸ್ಟ್‌ನಲ್ಲಿ ಆಡಳಿತ ತಾಲಿಬಾನ್ ಕೈಗೆ ಹೋದ ಮೇಲೆ, ನನ್ನ ಪ್ರೀತಿಯ ಒಂದು ಸಾಲು ಅವರಿಗೆ ಕಂಟಕವಾಗಬಾರದಲ್ಲ. ಜ್ವರ ಬಂದಾಗಲೆಲ್ಲ ನನ್ನನ್ನು ನೋಡಿದ, ಹೆರಾತ್‌ನ ಭಾರತೀಯ ವೈದ್ಯಕೀಯ ತಂಡದ ವೈದ್ಯರಿಗೂ ವಂದನೆಗಳು.

ಇನ್ನು ಊರಿನವರು. ಟಿವಿಯಲ್ಲಿ ಅಫ್ಘಾನಿಸ್ತಾನದ ಬಾಂಬಿನ ಸುದ್ದಿ ಬಂದರೆ, ನಮ್ಮ ತಾಯಿಯವರು ನೋಡುವ ಮೊದಲೇ ಚಾನೆಲ್ ಬದಲಿಸುತ್ತಿದ್ದ ತುಮಕೂರಿನ ಬಟವಾಡಿಯ ಪಕ್ಕದ ಮನೆಯ ಅಕ್ಕನವರಿಗೆ, ತಾಯಿಯವರು ಬಿದ್ದು ಕಾಲು ಮುರಿದುಕೊಂಡಾಗ ನನಗೆ ತಿಳಿಸುವ ಮೊದಲೇ ಆಸ್ಪತ್ರೆಗೆ ಸೇರಿಸಿ ರಾತ್ರಿಯೆಲ್ಲ ಜೊತೆಗಿದ್ದ ಬೀದಿಯ ಹುಡುಗರಿಗೆ, ತಿಂಗಳ ಬಾಕಿಯನ್ನು ಒಮ್ಮೆಯೂ ನೆನಪಿಸದ ದಿನಸಿ ಅಂಗಡಿಯ ಯಜಮಾನರಿಗೆ ನಮಸ್ಕಾರ. ನನ್ನ ಹೆಂಡತಿ, ‘ನನ್ನ ಹೆಸರು ಹಾಕಬೇಡಿ’ ಎಂದಿದ್ದಾಳೆ. ಹಾಕಿಲ್ಲ. ಆದರೆ ಫೋನಿನಲ್ಲಿ ಅವಳು ಒಮ್ಮೆಯೂ ‘ಯಾವಾಗ ಬರುತ್ತೀರಿ’ ಎಂದು ಕೇಳದಿದ್ದುದು ನನ್ನನ್ನು ಅಲ್ಲಿ ನಿಲ್ಲಿಸಿತು.

ಬರುವ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೇವೆ. ಬೇರೆ ಕರೆಯೋಲೆ ಇಲ್ಲ. ಇದನ್ನೇ ಕರೆಯೆಂದು ತಿಳಿದು ಬೀದಿಯವರೆಲ್ಲರೂ ದಯಮಾಡಿಸಬೇಕು.