ವೇಗ ಆಮೇಲೆ, ಮೊದಲು ಮದ್ದು ಕಣ್ಣಿಗೆ ಕಾಣಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಶೂಟಿಂಗ್ ಹವ್ಯಾಸದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹದಲ್ಲಿ, ಹೊಡೆದ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುವ ರೀಲೋಡಿಂಗ್ ಕುರಿತೂ ಎರಡು ಪ್ಯಾರಾ ಇತ್ತು. ಹೊಸಬರು ಗಂಟೆಗೆ ಸಾವಿರ ತೋಟಾ ಹೊರಡಿಸುವ ಪ್ರೊಗ್ರೆಸಿವ್ ಪ್ರೆಸ್ಸನ್ನೇ ಕೊಂಡುಬಿಡುವುದು ಒಳ್ಳೆಯದು ಎಂಬ ಸಲಹೆಯನ್ನು ಅಲ್ಲಿ ಕೊಟ್ಟಿದ್ದೀರಿ. ಈ ಕೆಲಸ ಬಲ್ಲ ಯಾರೂ ಹೊಸಬರಿಗೆ ಆ ಮಾತು ಹೇಳುವುದಿಲ್ಲ. ಓದಿದವರು ನಂಬಿ ದುಡ್ಡು ಸುರಿಯುವ ಮೊದಲು, ಕೈಬೆರಳು ಕಳೆದುಕೊಳ್ಳುವ ಮೊದಲು, ಕೆಲವು ವಿಷಯ ತಿಳಿಸಬೇಕಾಗಿದೆ.

ಗುಂಡು ಹಾರಿದ ಮೇಲೆ ಉಳಿಯುವುದು ಹಿತ್ತಾಳೆಯ ಕೇಸು. ಅದರ ತಳದಲ್ಲಿ, ಏಟು ಬಿದ್ದಾಗ ಕಿಡಿ ಕೊಟ್ಟು ಮದ್ದು ಹೊತ್ತಿಸುವ ಪ್ರೈಮರ್ ಇರುತ್ತದೆ; ಸುಟ್ಟ ಪ್ರೈಮರನ್ನು ತಳ್ಳಿ ತೆಗೆಯಬೇಕು, ಉಬ್ಬಿದ ಕೇಸನ್ನು ಅಳತೆಗೆ ಒತ್ತಬೇಕು, ಹೊಸ ಪ್ರೈಮರ್ ಕೂರಿಸಬೇಕು, ಬಾಯಿ ತುಸು ಅಗಲಿಸಿ ಮದ್ದು ಹಾಕಬೇಕು, ಗುಂಡು ಇಟ್ಟು ಒತ್ತಿ ಬಾಯಿ ಬಿಗಿಯಬೇಕು. ಮಲೆನಾಡಿನ ಕೋವಿ ಬಲ್ಲವರಿಗೆ, ಅವರು ಕೇಪು ಎನ್ನುವುದರ ತಮ್ಮನೇ ಈ ಪ್ರೈಮರ್ ಎಂದರೆ ಸಾಕು. ಪ್ರೆಸ್ ಎಂಬುದು ಈ ಒತ್ತುವ ಕೆಲಸಗಳಿಗೆ ಬಲ ಕೊಡುವ ಸನ್ನೆಕೋಲು. ಹಿಡಿ ಎಳೆದರೆ ರ‍್ಯಾಮ್ ಎಂಬ ಕಂಬ ಮೇಲೇರಿ ಕೇಸನ್ನು ಡೈ ಎಂಬ ಅಚ್ಚಿನೊಳಗೆ ನುಗ್ಗಿಸುತ್ತದೆ.

ಪ್ರೆಸ್ಸಿನಲ್ಲಿ ಮೂರು ಜಾತಿ. ಸಿಂಗಲ್ ಸ್ಟೇಜಿನಲ್ಲಿ ಒಮ್ಮೆಗೆ ಒಂದೇ ಡೈ, ಒಂದೇ ಕೇಸು. ಟರೆಟ್‌ನಲ್ಲಿ ತಿರುಗುವ ತಟ್ಟೆಯ ಮೇಲೆ ಎಲ್ಲ ಡೈಗಳೂ ಇರುತ್ತವೆ, ಆದರೆ ಕೇಸು ಒಂದೇ; ಅದು ಕದಲುವುದಿಲ್ಲ, ಡೈಗಳು ಸರದಿಯಂತೆ ಅದರ ತಲೆಯ ಮೇಲೆ ಬರುತ್ತವೆ. ಪ್ರೊಗ್ರೆಸಿವ್‌ನಲ್ಲಿ ನಾಲ್ಕೈದು ಕೇಸುಗಳು ಒಟ್ಟಿಗೆ ಕೂತಿರುತ್ತವೆ. ಒಂದು ಎಳೆತಕ್ಕೆ ಒಂದರಲ್ಲಿ ಪ್ರೈಮರ್ ಕಳಚುತ್ತದೆ, ಇನ್ನೊಂದಕ್ಕೆ ಮದ್ದು ಬೀಳುತ್ತದೆ, ಮತ್ತೊಂದಕ್ಕೆ ಗುಂಡು ಕೂರುತ್ತದೆ, ಕೊನೆಯದು ತಯಾರಾಗಿ ಡಬ್ಬಿಗೆ ಉರುಳುತ್ತದೆ. ಕೈ ಪಳಗಿದವರಿಗೆ ಸಿಂಗಲ್ ಸ್ಟೇಜಿನಲ್ಲಿ ಗಂಟೆಗೆ 50-60, ಟರೆಟ್‌ನಲ್ಲಿ 150-200, ಪ್ರೊಗ್ರೆಸಿವ್‌ನಲ್ಲಿ 400ಕ್ಕೂ ಮೇಲೆ ಆಗುತ್ತದೆ. ಸಾವಿರದ ಲೆಕ್ಕ ಬರುವುದು ಕೇಸು ತಾನೇ ತುಂಬಿಕೊಳ್ಳುವ ಸಲಕರಣೆ ಇದ್ದು, ಪ್ರೈಮರ್ ಕೊಳವೆಗಳನ್ನು ಮೊದಲೇ ತುಂಬಿಟ್ಟು, ಎಲ್ಲೂ ನಿಲ್ಲದೆ ಓಡಿದಾಗ ಮಾತ್ರ.

ಈ ಅಂಕಿಗಳಿಗಿಂತ ಮುಖ್ಯವಾದ ಸಂಗತಿ ಮದ್ದು. ಅದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. 7,000 ಗ್ರೇನ್ ಒಂದು ಪೌಂಡ್. ನಮ್ಮ ಅಕ್ಕಸಾಲಿಗರ ಗುಲಗಂಜಿಯ ತೂಕ ಹೆಚ್ಚುಕಡಿಮೆ 2 ಗ್ರೇನ್. ರೀಲೋಡಿಂಗ್ ತಕ್ಕಡಿ ಗ್ರೇನಿನ ಹತ್ತನೇ ಒಂದು ಪಾಲನ್ನು, ಅಂದರೆ ಗುಲಗಂಜಿಯ ಇಪ್ಪತ್ತರಲ್ಲಿ ಒಂದು ಭಾಗವನ್ನು ತೋರಿಸಬೇಕು. ಪಿಸ್ತೂಲಿನ ಹಲವು ಮದ್ದುಗಳು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಅದೇ ಕೇಸಿಗೆ ಎರಡನೇ ಸಲ ಮದ್ದು ಬಿದ್ದರೂ ಹೊರಗೆ ಚೆಲ್ಲುವುದಿಲ್ಲ. ಮೇಲೆ ಗುಂಡು ಕೂತರೆ ಹೊರನೋಟಕ್ಕೆ ಏನೂ ಗೊತ್ತಾಗುವುದಿಲ್ಲ. ಅದನ್ನು ಹೊಡೆದಾಗ ಪಿಸ್ತೂಲು ಕೈಯಲ್ಲೇ ಒಡೆಯಬಹುದು. ಮದ್ದೇ ಬೀಳದಿದ್ದರೂ ಕಷ್ಟವೇ. ಪ್ರೈಮರಿನ ಬಲವೊಂದೇ ಗುಂಡನ್ನು ನಳಿಗೆಯ ನಡುವೆ ತಳ್ಳಿ ನಿಲ್ಲಿಸುತ್ತದೆ, ಹಿಂದೆ ಬರುವ ಗುಂಡು ನಳಿಗೆಯನ್ನು ಸೀಳಬಹುದು. ಎಂದಿನ ಸದ್ದಿನ ಬದಲು ‘ಟಪ್’ ಎಂದು ಸಪ್ಪೆಯಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ನಳಿಗೆಯೊಳಗೆ ಕಡ್ಡಿ ಹಾಕಿ ನೋಡಲೇಬೇಕು.

ಹಾಗಾಗಿ ಪ್ರೆಸ್ ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬ್ರ್ಯಾಂಡಿನದಲ್ಲ, ವೇಗದ್ದೂ ಅಲ್ಲ. ಗುಂಡು ಕೂರಿಸುವ ಮುನ್ನ ಪ್ರತಿಯೊಂದು ಕೇಸಿನ ಮದ್ದು ನನ್ನ ಕಣ್ಣಿಗೆ ಬೀಳುತ್ತದೆಯೇ?

ಸಿಂಗಲ್ ಸ್ಟೇಜಿನಲ್ಲಿ ಇದು ತಾನಾಗಿಯೇ ಆಗುತ್ತದೆ. 50 ಕೇಸುಗಳನ್ನು ಒಟ್ಟಿಗೆ ಅಳತೆಗೆ ಒತ್ತಿ, 50ಕ್ಕೂ ಪ್ರೈಮರ್ ಕೂರಿಸಿ, ಗುಂಡಿಗಳಿರುವ ಹಲಗೆಯಲ್ಲಿ ಸಾಲಾಗಿ ನಿಲ್ಲಿಸುತ್ತೀರಿ. ಪ್ರೈಮರ್ ಕೂತ ಕೇಸಿನ ತಳವನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರಬೇಕು. ಪ್ರೈಮರ್ ಅಂಚಿಗಿಂತ ಕೂದಲೆಳೆಯಷ್ಟು ಒಳಗೆ ಕೂತಿರಬೇಕು. ಮೇಲೆದ್ದಿದ್ದರೆ ರಿವಾಲ್ವರಿನ ಸಿಲಿಂಡರ್ ತಿರುಗುವುದಿಲ್ಲ, ಪಿಸ್ತೂಲಿನಲ್ಲಿ ಮೊದಲ ಏಟು ಪ್ರೈಮರನ್ನು ಒಳಗೆ ತಳ್ಳುವುದರಲ್ಲೇ ಮುಗಿದು ತೋಟಾ ಹಾರುವುದಿಲ್ಲ. ಎಂ1 ಗ್ಯಾರಂಡ್‌ನಂಥ ರೈಫಲಿನಲ್ಲಂತೂ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್‌ನ ಬೀಗ ಬೀಳುವ ಮುನ್ನವೇ ಸಿಡಿಯುವ ಭಯವಿದೆ. ಆಮೇಲೆ ಹಲಗೆಯಲ್ಲಿರುವ ಎಲ್ಲದಕ್ಕೂ ಮದ್ದು ಹಾಕಿ, ಟಾರ್ಚನ್ನು ಓರೆಯಾಗಿ ಹಿಡಿದು ಸಾಲುಸಾಲಾಗಿ ಒಳಗೆ ನೋಡಬೇಕು. ಐವತ್ತು ಕೇಸಿನಲ್ಲೂ ಮದ್ದಿನ ಮಟ್ಟ ಒಂದೇ ಸಮ ಇರಬೇಕು; ಎತ್ತರವಿರುವುದೋ ಖಾಲಿಯಿರುವುದೋ ಒಂದಿದ್ದರೂ ಸೇರಿಗೆ ಅಳೆದ ಅಕ್ಕಿಯಲ್ಲಿ ಕಲ್ಲು ಕಂಡಂತೆ ಎದ್ದು ಕಾಣುತ್ತದೆ. ಆ ಒಂದು ನಿಮಿಷದ ನೋಟಕ್ಕೆ ಯಾವ ಯಂತ್ರವೂ ಸಾಟಿಯಲ್ಲ.

ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್, ಲೀ ಕಂಪನಿಯ ಕ್ಲಾಸಿಕ್ ಕಾಸ್ಟ್, ರೆಡಿಂಗ್‌ನ ಬಿಗ್ ಬಾಸ್, ಫಾರ್ಸ್ಟರ್‌ನ ಕೋ-ಆಕ್ಸ್ ಈ ಜಾತಿಯಲ್ಲಿ ಗಟ್ಟಿ ಆಳುಗಳು. ರಾಕ್ ಚಕರಿನ ಎರಕದ ಮೈ ಒಂದು ತಲೆಮಾರು ಬಾಳುತ್ತದೆ, ಆದರೆ ಸುಟ್ಟ ಪ್ರೈಮರುಗಳು ತಟ್ಟೆಗೆ ಬೀಳದೆ ನೆಲಕ್ಕೆ ಹಾರುವುದು ಅದರ ಹಳೆಯ ಕಿರಿಕಿರಿ. ಲೀ ಕ್ಲಾಸಿಕ್ ಕಾಸ್ಟ್‌ನಲ್ಲಿ ಅವು ರ‍್ಯಾಮಿನ ಒಳಗಿನಿಂದಲೇ ಕೊಳವೆಗೆ ಇಳಿಯುತ್ತವೆ. ಸುಟ್ಟ ಪ್ರೈಮರಿನ ಮಸಿಯಲ್ಲಿ ಸೀಸವಿದೆ, ಮಕ್ಕಳಿರುವ ಮನೆಯಲ್ಲಿ ಇದು ಸಣ್ಣ ವಿಷಯವಲ್ಲ. ಕೋ-ಆಕ್ಸ್‌ನಲ್ಲಿ ಡೈಗಳನ್ನು ತಿರುಪುವ ಗೋಜಿಲ್ಲ, ಜಾರಿಸಿ ಕೂರಿಸಿದರಾಯಿತು; ದೂರದ ಗುರಿಗೆ ರೈಫಲ್ ತೋಟಾ ಮಾಡುವವರು ಅದನ್ನು ಮೆಚ್ಚುತ್ತಾರೆ, ಬೆಲೆ ಮಾತ್ರ ಹೆಚ್ಚು. ಈ ಎಲ್ಲ ಕಂಪನಿಗಳ ಸಾಮಾನ್ಯ ಡೈಗಳ ತಿರುಪು 7/8 ಇಂಚು, ಇಂಚಿಗೆ 14 ಎಳೆ. ಹಾಗಾಗಿ ಒಂದು ಕಂಪನಿಯ ಡೈ ಇನ್ನೊಂದರ ಪ್ರೆಸ್ಸಿಗೆ ಕೂರುತ್ತದೆ, ಪ್ರೆಸ್ ಬದಲಿಸಿದರೂ ಡೈಗೆ ಹಾಕಿದ ದುಡ್ಡು ಹಾಳಾಗುವುದಿಲ್ಲ. ಡಿಲನ್ ಕಂಪನಿಯ ಸ್ಕ್ವೇರ್ ಡೀಲ್ ಬಿ ಎಂಬ ಪ್ರೆಸ್ ಇದಕ್ಕೆ ಹೊರತು. ಅದಕ್ಕೆ ಅದರದೇ ಡೈ ಬೇಕು, ಅದರಲ್ಲಿ ಪಿಸ್ತೂಲು-ರಿವಾಲ್ವರ್ ತೋಟಾ ಮಾತ್ರ ಆಗುತ್ತದೆ.

ಸಿಂಗಲ್ ಸ್ಟೇಜ್ ಪ್ರೆಸ್ಸನ್ನು ಸೆಕೆಂಡ್ ಹ್ಯಾಂಡ್ ಕೊಂಡರೂ ನಷ್ಟವಿಲ್ಲ. ರ‍್ಯಾಮ್ ಮೇಲೆತ್ತಿ ಅಕ್ಕಪಕ್ಕ ಅಲ್ಲಾಡಿಸಿ ಸಡಿಲ ನೋಡಿ, ಡೈ ತಿರುಪಿನ ಎಳೆ ತಿಂದಿದೆಯೇ ನೋಡಿ, ಹಿಡಿ ಸೇರುವ ಗೂಟದ ಹತ್ತಿರ ಎರಕ ಬಿರುಕು ಬಿಟ್ಟಿದೆಯೇ ನೋಡಿ. ಮೂರೂ ಸರಿಯಿದ್ದರೆ ಬಣ್ಣ ಹೋಗಿದ್ದರೇನು.

ತಿಂಗಳಿಗೆ 200 ತೋಟಾ ಒಳಗಿನ ಖರ್ಚಿದ್ದರೆ ಇದೇ ಸಾಕು. ಅದಕ್ಕೂ ಮೇಲೆ, 500-600ರವರೆಗೆ, ಹೆಚ್ಚಾಗಿ 9 ಎಂಎಂ ಅಥವಾ .45 ಎಸಿಪಿ ಅಳತೆಯ ಪಿಸ್ತೂಲು ತೋಟಾ ಹೊಡೆಯುವವರಿಗೆ ಲೀ ಕ್ಲಾಸಿಕ್ ಟರೆಟ್ ಸರಿಯಾದ ಆಯ್ಕೆ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ನಾಲ್ಕು ಡೈಗಳ ತಟ್ಟೆ ಪ್ರತಿ ಎಳೆತಕ್ಕೂ ತಾನೇ ಕಾಲು ಸುತ್ತು ತಿರುಗುತ್ತದೆ. ನಾಲ್ಕು ಎಳೆತಕ್ಕೆ ಒಂದು ತೋಟಾ. ಕಣ್ಣ ಮುಂದೆ ಇರುವುದು ಒಂದೇ ಕೇಸಾದ್ದರಿಂದ ಗುಂಡು ಇಡುವ ಮುನ್ನ ಒಳಗೆ ಇಣುಕುವುದು ಅಭ್ಯಾಸವಾಗಿಬಿಡುತ್ತದೆ. ತಟ್ಟೆ ತಿರುಗಿಸುವ ಸಲಾಕೆಯನ್ನು ಎಳೆದು ತೆಗೆದರೆ ಅದೇ ಸಿಂಗಲ್ ಸ್ಟೇಜ್ ಆಗುತ್ತದೆ, ಕಲಿಯುವ ಮೊದಲ ತಿಂಗಳು ಹಾಗೆಯೇ ಬಳಸುವುದು ಒಳಿತು. ಅದರ ದುರ್ಬಲ ಭಾಗ ಒಂದೇ: ಸಲಾಕೆ ಹಿಡಿಯುವ ಚೌಕದ ಪ್ಲಾಸ್ಟಿಕ್ ರ‍್ಯಾಚೆಟ್. ಹಿಡಿಯನ್ನು ಅರ್ಧಕ್ಕೆ ನಿಲ್ಲಿಸಿ ಹಿಂದೆ ತಂದಾಗ ಅಥವಾ ತಟ್ಟೆಯನ್ನು ಕೈಯಿಂದ ಬಲವಂತವಾಗಿ ತಿರುಗಿಸಿದಾಗ ಅದು ಸವೆದು ತಟ್ಟೆ ಪೂರ್ತಿ ತಿರುಗದೆ ನಿಲ್ಲುತ್ತದೆ. ಅಗ್ಗದ ಭಾಗ, ಎರಡು ಹೆಚ್ಚುವರಿ ತಂದಿಟ್ಟುಕೊಳ್ಳಿ. ಇನ್ನೊಂದು ಅಳತೆಯ ತೋಟಾಗೆ ಬದಲಾಗಲು ತಟ್ಟೆಯನ್ನೇ ಎತ್ತಿ ಬೇರೆಯದನ್ನು ಇಟ್ಟು, ಕೇಸಿನ ತಳ ಹಿಡಿಯುವ ಶೆಲ್ ಹೋಲ್ಡರ್ ಬದಲಿಸಿದರೆ ಒಂದೆರಡು ನಿಮಿಷದ ಕೆಲಸ. ಪ್ರೊಗ್ರೆಸಿವ್‌ನಲ್ಲಿ ಇದಕ್ಕೇ ಅರ್ಧ ಗಂಟೆ ಹೋಗುವುದುಂಟು. ವೇಗದ ಲೆಕ್ಕ ಹಾಕುವವರು ಇದನ್ನು ಬಿಟ್ಟುಬಿಡುತ್ತಾರೆ.

ಇನ್ನು ಪ್ರೊಗ್ರೆಸಿವ್. ಒಂದೇ ಅಳತೆಯ ತೋಟಾವನ್ನು ತಿಂಗಳಿಗೆ ಸಾವಿರದ ಹತ್ತಿರ ಹೊಡೆಯುವ ಸ್ಪರ್ಧಿಗಳಿಗೆ ಅದು ಬೇಕೇ ಬೇಕು, ಅದರ ಮೇಲೆ ನಮಗೆ ದ್ವೇಷವಿಲ್ಲ. ಡಿಲನ್ 550ರಲ್ಲಿ ನಾಲ್ಕು ಸ್ಥಾನ, ಕೇಸುಗಳು ಕೂತ ತಟ್ಟೆಯನ್ನು ಕೈಯಿಂದ ತಿರುಗಿಸಬೇಕು. 2019ರಲ್ಲಿ 650ರ ಜಾಗಕ್ಕೆ ಬಂದ ಡಿಲನ್ 750ರಲ್ಲಿ ಮತ್ತು ಹಾರ್ನಡಿಯ ಲಾಕ್-ಎನ್-ಲೋಡ್‌ನಲ್ಲಿ ಐದು ಸ್ಥಾನ, ತಟ್ಟೆ ತಾನೇ ತಿರುಗುತ್ತದೆ. ಎಲ್ಲವೂ ಸರಾಗವಾಗಿ ಓಡುವಾಗ ಇವು ಬಹಳ ಚೆಂದ. ತೊಂದರೆ ಬರುವುದು ನಡುವೆ ನಿಂತಾಗ.

ಹೇಗೆ ನಿಲ್ಲುತ್ತದೆ ನೋಡಿ. .45 ಎಸಿಪಿ ಕೇಸುಗಳು ದೊಡ್ಡ ಪ್ರೈಮರಿನವೂ ಇವೆ, ಸಣ್ಣ ಪ್ರೈಮರಿನವೂ ಇವೆ. ಶೂಟಿಂಗ್ ರೇಂಜಿನಲ್ಲಿ ಆಯ್ದ ರಾಶಿಯಲ್ಲಿ ಸಣ್ಣದೊಂದು ಬೆರೆತಿದ್ದರೆ, ದೊಡ್ಡ ಪ್ರೈಮರ್ ಅದರೊಳಗೆ ಹೋಗದೆ ನಜ್ಜುಗುಜ್ಜಾಗುತ್ತದೆ. 9 ಎಂಎಂ ರಾಶಿಯಲ್ಲಿ ಅದಕ್ಕಿಂತ ಗಿಡ್ಡನೆಯ .380 ಕೇಸು ಸೇರಿಕೊಳ್ಳುತ್ತದೆ. ಸೇನೆಯ ಕೇಸುಗಳಲ್ಲಿ ಪ್ರೈಮರ್ ಸುತ್ತ ಅಂಚು ಮಡಿಸಿ ಬಿಗಿದಿರುತ್ತಾರೆ, ಅದನ್ನು ಕೆರೆದು ಅಥವಾ ಒತ್ತಿ ಸರಿಮಾಡದೆ ಹೊಸ ಪ್ರೈಮರ್ ಕೂರುವುದಿಲ್ಲ. ಹಿಡಿ ಅರ್ಧಕ್ಕೆ ತಡೆಯುತ್ತದೆ, ಕೆಟ್ಟ ಕೇಸನ್ನು ಕಿತ್ತು ತೆಗೆಯುತ್ತೀರಿ, ಮತ್ತೆ ಹಿಡಿ ಎಳೆಯುತ್ತೀರಿ. 550ರಲ್ಲಿ ತಟ್ಟೆ ತಿರುಗಿಸುವುದು ಮರೆತಿದ್ದರೆ, ಮೊದಲೇ ಮದ್ದು ಬಿದ್ದಿದ್ದ ಕೇಸಿಗೆ ಇನ್ನೊಂದು ಅಳತೆ ಬೀಳುತ್ತದೆ. ತಾನೇ ತಿರುಗುವ ಪ್ರೆಸ್ಸಿನಲ್ಲಿ ಇದಕ್ಕೆ ಉಲ್ಟಾ ಆಗುವುದುಂಟು: ಎಳೆತ ಪೂರ್ತಿಯಾಗದೆ ಮದ್ದು ಸರಿಯಾಗಿ ಬೀಳದ ಕೇಸು ಮುಂದೆ ಸರಿದುಬಿಡುತ್ತದೆ. ನಿಯಮ ಇಷ್ಟೇ, ಅದಕ್ಕೆ ರಿಯಾಯಿತಿಯಿಲ್ಲ: ಪ್ರೆಸ್ ನಡುವೆ ನಿಂತರೆ ತಟ್ಟೆಯ ಮೇಲಿರುವ ಎಲ್ಲ ಕೇಸನ್ನೂ ತೆಗೆದು, ಮದ್ದು ಸುರಿದು, ಮೊದಲಿನಿಂದ ಶುರು ಮಾಡಿ. ಐದು ಸ್ಥಾನದ ಪ್ರೆಸ್ಸಿದ್ದರೆ ಮದ್ದಿನ ಮಟ್ಟ ನೋಡುವ ಪೌಡರ್ ಚೆಕ್ ಕೂರಿಸಲು ಜಾಗವಿದೆ, ಕೂರಿಸಿ. 550ರಲ್ಲಿ ಆ ಜಾಗವಿಲ್ಲ. ಅಲ್ಲಿ ಗುಂಡು ಇಡುವ ಸ್ಥಾನದ ಮೇಲೆ ಪುಟ್ಟ ದೀಪ ಕಟ್ಟಿ ಪ್ರತಿ ಕೇಸಿಗೂ ಇಣುಕಿ. ಎರಡು ಸಲ ಬಿದ್ದರೆ ಕೇಸು ತುಂಬಿ ಚೆಲ್ಲುವಷ್ಟು ಉಬ್ಬಿದ ಜಾತಿಯ ಮದ್ದನ್ನೇ ಆರಿಸಿಕೊಳ್ಳಿ. ಮದ್ದಿನ ಪ್ರಮಾಣವನ್ನು ಮುದ್ರಿತ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಅತಿ ಕಡಿಮೆಯದರಿಂದ ಆರಂಭಿಸಿ. ಬಾಯಿಮಾತಿನ ಅಂಕಿ ಬೇಡ.

ರೈಫಲಿನ ಮಾತು ಬೇರೆ. .308ರಂಥ ಕುತ್ತಿಗೆ ಕಿರಿದಾದ ಕೇಸಿಗೆ ಎಣ್ಣೆ ಸವರದೆ ಡೈಗೆ ನುಗ್ಗಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ, ಎಳೆದರೆ ಅಂಚು ಹರಿದು ಬರುತ್ತದೆ. ಡೈಯನ್ನು ಅತಿಯಾಗಿ ಕೆಳಗಿಳಿಸಿ ಕೇಸಿನ ಭುಜವನ್ನು, ಅಂದರೆ ಕುತ್ತಿಗೆಗೆ ಸೇರುವ ಇಳಿಜಾರನ್ನು, ಹೆಚ್ಚು ಹಿಂದಕ್ಕೆ ಒತ್ತಿದರೆ ನಾಲ್ಕಾರು ಸಲ ಹೊಡೆಯುವುದರೊಳಗೆ ಕೇಸು ತಳದ ಮೇಲೆ ತುಂಡಾಗುತ್ತದೆ. ತಳದಿಂದ ತುಸು ಮೇಲೆ ಹೊಳೆಯುವ ಉಂಗುರ ಕಂಡರೆ ಆ ಕೇಸನ್ನು ಗುಜರಿಗೆ ಹಾಕಿ. ಕೈಯಿಂದ ಬೋಲ್ಟ್ ಎಳೆಯುವ ರೈಫಲಿಗೆ ಭುಜ 2 ಸಾವಿರಾಂಶ ಇಂಚು ಹಿಂದೆ ಸರಿದರೆ ಸಾಕು. ಇಷ್ಟು ಸೂಕ್ಷ್ಮ ಕೆಲಸಕ್ಕೆ ಸಿಂಗಲ್ ಸ್ಟೇಜೇ ಸರಿ.

ಯಾವ ಪ್ರೆಸ್ಸಾದರೂ ಮೇಜು ಅಲ್ಲಾಡಬಾರದು. ಮುಕ್ಕಾಲು ಇಂಚಿನ ಪ್ಲೈವುಡ್ ಎರಡು ಪದರ ಅಂಟಿಸಿ, ಆರಪಾರ ಬೋಲ್ಟ್ ಹಾಕಿ, ಮೇಜನ್ನು ಗೋಡೆಗೆ ಬಿಗಿಯಿರಿ. ತಕ್ಕಡಿಯ ಹತ್ತಿರ ಫ್ಯಾನು ಬೇಡ. ಉಳಿದ ದುಡ್ಡಿಗೆ ಪರೀಕ್ಷೆ ತೂಕದ ಬಟ್ಟುಗಳನ್ನು ತಂದುಕೊಳ್ಳಿ. ದುಬಾರಿ ಪ್ರೆಸ್ಸಿಗೆ ಅಗ್ಗದ ತಕ್ಕಡಿ ಜೋಡಿಸುವವರನ್ನು ನೋಡಿ ಬೇಸರವಾಗುತ್ತದೆ.

ನಿಮ್ಮ ಬರಹ ಮುಟ್ಟದ ಕಾನೂನಿನ ಮಾತೂ ಇದೆ, ಅದು ನಮ್ಮವರಿಗೇ ಹೆಚ್ಚು ತಾಗುವುದು. ಎಚ್-1ಬಿ, ಎಚ್-4, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಆ ಕಾನೂನಿನ ಪ್ರಕಾರ ಕೇಸು, ಪ್ರೈಮರ್, ಗುಂಡು, ಮದ್ದು ಇವೂ ‘ಅಮ್ಯುನಿಷನ್’ ಎಂಬ ಪದದೊಳಗೇ ಬರುತ್ತವೆ. ಒಂದು ಡಬ್ಬಿ ಪ್ರೈಮರ್ ಮನೆಯಲ್ಲಿದ್ದರೂ ಅಪರಾಧವಾಗಬಹುದು, ವೀಸಾಕ್ಕೇ ಕುತ್ತು ಬರಬಹುದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆಯಿಲ್ಲ. ಸ್ವಂತ ಬಳಕೆಗೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಮಾರುವ ದಂಧೆಗೆ ಇಳಿದರೆ ಬೇಕು. ಅಮೆರಿಕದ ಎನ್‌ಎಫ್‌ಪಿಎ 495 ಅಗ್ನಿ ಸುರಕ್ಷತಾ ಸಂಹಿತೆ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್ ಹೊಗೆರಹಿತ ಮದ್ದು, 10,000 ಪ್ರೈಮರ್ ಎಂದು ಮಿತಿ ಹಾಕಿದೆ. ಅದಕ್ಕೂ ಹೆಚ್ಚು, 50 ಪೌಂಡಿನವರೆಗಿನ ಮದ್ದಿಗೆ ಒಂದು ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಅಪಾರ್ಟ್‌ಮೆಂಟಿನಲ್ಲಿರುವವರು ಊರಿನ ಅಗ್ನಿಶಾಮಕ ಇಲಾಖೆಯನ್ನೂ ಕೇಳಿಕೊಳ್ಳಬೇಕು, ಅಲ್ಲಿ ನಿಯಮ ಇನ್ನೂ ಬಿಗಿಯಾಗಿರಬಹುದು.

ಊರಿಗೆ ಮರಳುವವರು ಇದನ್ನು ಭಾರತದಲ್ಲೂ ಮುಂದುವರಿಸಬಹುದೆಂದು ಭಾವಿಸಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ನಿಮ್ಮ ಮುಂದಿನ ಪುರವಣಿಯಲ್ಲಿ ಪ್ರೊಗ್ರೆಸಿವ್ ಪ್ರೆಸ್ಸಿನ ಸಲಹೆಯ ಜೊತೆಗೆ ವೀಸಾದ ವಿಷಯವನ್ನೂ ಸೇರಿಸಿ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇವೆ.

— ಅಮೆರಿಕದಲ್ಲಿ ನೆಲೆಸಿರುವ ಕೆಲವು ಕನ್ನಡಿಗ ಶೂಟರುಗಳು